ಗುಡ್ಡದ ಕಳಸಕ್ಕೆ ಎಷ್ಟು ಗಜ

ಹಿತ್ತಾಳೆಯ ಮುಚ್ಚಳ ತೆಗೆದಾಗ ಒಳಗಿನ ದಂತದ ಬಿಲ್ಲೆಯ ಮೇಲೆ ಗೆರೆ ಹದಿನಾಲ್ಕೂವರೆಗೆ ನಿಂತಿತ್ತು. ಹದಿನಾಲ್ಕು ದಾಟಿ, ಹದಿನೈದಕ್ಕೆ ಸರಿಯಾಗಿ ಅರ್ಧ ದಾರಿಯಲ್ಲಿ. ಮೊದಲು ಪೆನ್ಸಿಲಿನಲ್ಲಿ ಬರೆದುಕೊಂಡೆ, ಆಮೇಲೆ ಫೋಟೊ ತೆಗೆದೆ, ಆಮೇಲೆ ಮುಚ್ಚಳವನ್ನು ಹಾಗೆಯೇ ಕೂರಿಸಿದೆ. ಆ ವಾರ ಮತ್ತೆ ಅದನ್ನು ತೆರೆಯಲಿಲ್ಲ.

ಅದು ಧಾರವಾಡದ ಒಂದು ಹಳೆಯ ಕಾಲೇಜಿನ ಗೋಪುರದ ಕೋಣೆ. ನನ್ನ ಮುಂದೆ ಕಬ್ಬಿಣದ ಪೀಠದ ಮೇಲೆ ಒಂಬತ್ತು ಅಡಿ ಉದ್ದದ ಒಂದು ಕೊಳವೆ ಅಡ್ಡಲಾಗಿ ಮಲಗಿತ್ತು. ನೂರು ವರ್ಷಕ್ಕೂ ಹಿಂದೆ ಬ್ರಿಟನ್ನಿನ ಒಂದು ಯುದ್ಧನೌಕೆಯ ಮೇಲೆ ಇದ್ದ ದೂರಮಾಪಕ ಅದು. ನೌಕೆಯನ್ನು ಒಡೆದಾಗ ಅದರ ಸಾಮಾನು ಹರಾಜಿಗೆ ಹೋಯಿತು. ಯಾವುದೋ ಕಾಲದ ಪ್ರಾಚಾರ್ಯರು ಮುಂಬಯಿಯಲ್ಲಿ ಇದನ್ನು ಕಂಡು ಭೌತಶಾಸ್ತ್ರ ವಿಭಾಗಕ್ಕೆ ತರಿಸಿದರು. ನೌಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾಲೇಜಿನವರು ಇನ್ನೂ ದಾಖಲೆಗಳನ್ನು ಹೋಲಿಸಿ ನೋಡುತ್ತಿದ್ದಾರೆ.

ನಾನು ಕೆಲಸ ಮಾಡುವುದು ಹುಬ್ಬಳ್ಳಿಯ ಗಬ್ಬೂರ ಬೈಪಾಸಿನ ಹತ್ತಿರ, ಸರ್ವೆ ಉಪಕರಣಗಳನ್ನು ರಿಪೇರಿ ಮಾಡುವ ಒಂದು ವರ್ಕ್‌ಶಾಪಿನಲ್ಲಿ. ರಸ್ತೆ ಗುತ್ತಿಗೆದಾರರ ಲೆವೆಲ್, ಥಿಯೊಡೊಲೈಟ್, ಟೋಟಲ್ ಸ್ಟೇಷನ್ ನಮ್ಮಲ್ಲಿಗೆ ಬರುತ್ತವೆ. ವರ್ಕ್‌ಶಾಪ್ ಚಾಚಾ ಅವರದು. ಅರವತ್ತೆಂಟು ವಯಸ್ಸು, ಕೈ ಇನ್ನೂ ನಡುಗುವುದಿಲ್ಲ. ಲೆನ್ಸಿನ ಕೆಲಸವನ್ನು ನಾನು ಕಲಿತದ್ದು ಅವರಿಂದಲೇ. ಸೋಮವಾರ ಕಾಲೇಜಿನಿಂದ ಫೋನ್ ಬಂದಾಗ, ಯಂತ್ರದ ಹೆಸರು ಕಿವಿಗೆ ಬಿದ್ದ ಕೂಡಲೇ ಅವರು ರಿಸೀವರ್ ನನ್ನ ಕೈಗೆ ಕೊಟ್ಟರು.

“ನೀ ಮಾತಾಡು. ನಾ ಆ ಮೆಟ್ಲ ಹತ್ತಾಂಗಿಲ್ಲ.”

“ಮಂಡಿ ನೋವೇನ್ರಿ ಚಾಚಾ?”

“ಹೂಂ. ಮಂಡಿ ಅನ್ಕೋ.”

ಅದಕ್ಕೆ ನಾನೊಬ್ಬಳೇ ಹೋದೆ.

ಕೆಲಸ ಸರಳ ಎಂದು ಪ್ರಾಚಾರ್ಯರು ಹೇಳಿದ್ದರು. ಶನಿವಾರ ಕಾಲೇಜಿನ ಹಳೆಯ ವಿದ್ಯಾರ್ಥಿ, ನಿವೃತ್ತ ನೌಕಾಧಿಕಾರಿಯೊಬ್ಬರು ಬರುತ್ತಾರೆ. ಗೋಪುರದ ಕೋಣೆಯನ್ನು ಸಣ್ಣ ವಸ್ತುಸಂಗ್ರಹಾಲಯವಾಗಿ ತೆರೆಯುತ್ತಾರೆ. ಅವರು ದೂರಮಾಪಕಕ್ಕೆ ಕಣ್ಣಿಟ್ಟು, ಎದುರಿನ ಗುಡ್ಡದ ಗುಡಿಯ ಕಳಸ ನೋಡಿ, ದೂರ ಓದಿ ಹೇಳಬೇಕು.

ಯಂತ್ರದ ಎರಡು ತುದಿಗೆ ಎರಡು ಕಿಟಕಿಗಳಿವೆ. ಎರಡೂ ಕಡೆಯ ಬೆಳಕು ಪಟ್ಟಕಗಳಲ್ಲಿ ತಿರುಗಿ ನಡುವಿನ ಒಂದೇ ಕಣ್ಣುಗಾಜಿಗೆ ಬರುತ್ತದೆ. ನೋಡುವವರಿಗೆ ಕಾಣುವುದು ಅಡ್ಡಗೆರೆಯಿಂದ ಸೀಳಿದ ಒಂದು ಚಿತ್ರ: ಮೇಲಿನ ಅರ್ಧ ಎಡಗಿಟಕಿಯದು, ಕೆಳಗಿನ ಅರ್ಧ ಬಲಗಿಟಕಿಯದು. ಕೈಯ ಬಳಿಯ ಚಕ್ರ ತಿರುಗಿಸಿ, ಗುರಿಯ ಮೇಲಿನ ಅರ್ಧವನ್ನು ಕೆಳಗಿನ ಅರ್ಧದ ಮೇಲೆ ಸರಿಯಾಗಿ ಕೂರಿಸಿದರೆ ಅಳತೆಯ ಪಟ್ಟಿಯ ಮೇಲೆ ದೂರ ಗಜಗಳಲ್ಲಿ ಬರುತ್ತದೆ. ಪಟ್ಟಿಯೇ ಸರಿದಿದ್ದರೆ ತಿದ್ದಲು ಮುಚ್ಚಳದೊಳಗಿನ ದಂತದ ಬಿಲ್ಲೆ ಇದೆ. ಅದನ್ನು ಒಂದು ಗೆರೆ ತಿರುಗಿಸಿದರೆ ಎಲ್ಲ ಓದುಗಳೂ ಬದಲಾಗುತ್ತವೆ.

ಮಂಗಳವಾರ ಹೊರಗಿನ ಗಾಜುಗಳನ್ನು ಸ್ವಚ್ಛ ಮಾಡಿದೆ. ಪ್ರತಿ ವರ್ಷ ಖಂಡೇನವಮಿಯ ಆಯುಧಪೂಜೆಗೆ ಯಾರೋ ಎರಡೂ ಕಿಟಕಿಗಳಿಗೆ ವಿಭೂತಿ ಬಳಿದು ಕುಂಕುಮ ಇಟ್ಟಿದ್ದರು. ಅದರ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಧೂಳು. ಅಲ್ಲಿನ ಅಟೆಂಡರ್ ಕಾಕಾ ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

“ದೇವರ ಕಣ್ಣಿಗಿ ಹಚ್ಚಿದಂಗ ಹಚ್ಚೇವ್ರಿ ಮೇಡಂ. ತಪ್ಪಾತೇನು?”

“ತಪ್ಪೇನಿಲ್ರಿ ಕಾಕಾ. ಮುಂದಿನ ವರ್ಷ ಕೊಳವಿಗಿ ಹಚ್ರಿ, ಗಾಜಿಗಿ ಬ್ಯಾಡ.”

“ಕೊಳವಿಗೇನು ಕಣ್ಣ ಇರ್ತಾವ?” ಎಂದರು.

ಮಧ್ಯಾಹ್ನದ ಹೊತ್ತಿಗೆ ಕಳಸ ಸ್ಪಷ್ಟವಾಗಿ ಕಂಡಿತು. ಮರಗಳ ಮೇಲೆ ಅದೊಂದೇ ಎದ್ದಿತ್ತು. ತುದಿ ಸ್ವಲ್ಪ ಎಡಕ್ಕೆ ಬಾಗಿತ್ತು. ನಾನು ಹತ್ತು ಸಲ ಓದಿದೆ. ಪ್ರತಿ ಸಲ ಚಕ್ರವನ್ನು ದೂರ ತಿರುಗಿಸಿ ಮತ್ತೆ ತರುತ್ತಿದ್ದೆ. ಪಟ್ಟಿಯನ್ನು ನಾನು ನೋಡದೆ ಕಾಕಾ ಅವರಿಂದ ಓದಿಸುತ್ತಿದ್ದೆ. ಸರಾಸರಿ ಎರಡು ಸಾವಿರದ ನೂರ ಎಂಬತ್ತೈದು ಗಜ ಬಂತು.

ಗೋಡೆಯ ಮೇಲೆ ಬೇರೆ ಇತ್ತು.

ಆ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಖಂಡೇನವಮಿಯ ಪೂಜೆ ಮುಗಿದ ಮೇಲೆ ವಿಭಾಗದ ಮುಖ್ಯಸ್ಥರು ಕಳಸದ ದೂರ ಓದುವುದು, ಆ ಅಂಕಿಯನ್ನು ಗೋಡೆಯ ಮೇಲೆ ಎಣ್ಣೆ ಬಣ್ಣದಲ್ಲಿ ಬರೆಸುವುದು. ಸಾಲು ಸಾಲಾಗಿ ವರ್ಷ, ಅಂಕಿ: 2140, 2141, 2138, 2140. ಎಲ್ಲವೂ ಹೀಗೆ ಎರಡು ಮೂರು ಗಜದ ಒಳಗೇ ಇದ್ದವು. ನಲವತ್ತನಾಲ್ಕು ವರ್ಷಗಳ ಹಿಂದಿನ ಕೊನೆಯ ಸಾಲು ಮಾತ್ರ 2186. ಅದರ ಕೆಳಗೆ ಕೆಂಪು ಗೆರೆ. ಗೆರೆಯ ಕೆಳಗೆ: “ರಿಪೇರಿಯವನ ಕೈಯಿಂದ ಕೆಟ್ಟಿದೆ.” ಅಲ್ಲಿಂದ ಮುಂದೆ ಏನೂ ಇರಲಿಲ್ಲ. ಪೂಜೆ ನಡೆಯುತ್ತಿತ್ತು, ಓದು ನಿಂತಿತ್ತು.

ಪ್ರಾಚಾರ್ಯರು ಮೇಲೆ ಬಂದು ನನ್ನ ನೋಟ್‌ಬುಕ್ ನೋಡಿದರು. ಒಳ್ಳೆಯ ಮನುಷ್ಯ, ಮಾತು ಮೆಲ್ಲಗೆ.

“ಹಂಗಾರ ಕೆಟ್ಟದ್ದು ಖರೇ ಅದ. ತಿದ್ದೋ ತಿರುಪು ಅದ ಅಂದ್ರಲ್ಲ, ಅದನ್ನ ಒಂದೀಟು ತಿರುವಿ ಎರಡು ಸಾವಿರದ ನೂರಾ ನಲವತ್ತಕ್ಕ ತಂದಬಿಡ್ರಿ. ಅತಿಥಿಗಳು ನೋಡತಾರ, ಗ್ವಾಡಿ ನೋಡತಾರ, ಎರಡೂ ಹೊಂದತಾವ. ಐದು ನಿಮಿಷದ ಕೆಲಸ ಅಲ್ಲೇನ್ರಿ?”

“ಐದೂ ಬೇಕಾಗೂದಿಲ್ಲ ಸರ್,” ಎಂದೆ. ಅದು ನಿಜವಾಗಿತ್ತು. “ಆದ್ರ ನಾಳೆ ಹೇಳತೇನಿ.”

ಆ ಸಂಜೆ ವರ್ಕ್‌ಶಾಪಿಗೆ ಹಿಂತಿರುಗಿ ಗೋಡೆಯ ಸಾಲಿನ ಬಗ್ಗೆ ಹೇಳಿದೆ. ಚಾಚಾ ಒಂದು ಲೆವೆಲ್ಲಿನ ಬಬಲ್ ಗಾಜು ಕೂರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಆ ರಿಪೇರಿಯಾವ ನಾನ ಬೇಟಾ.”

ಇಪ್ಪತ್ತನಾಲ್ಕು ವಯಸ್ಸಿನಲ್ಲಿ ಅವರಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದಂತೆ. ಪೂಜೆಗೆ ಮೊದಲು ಗಾಜಿನ ಮೇಲಿನ ವಿಭೂತಿ ತೆಗೆಯಬೇಕಿತ್ತು, ಅಷ್ಟೇ. ತೆಗೆದರು. ಎರಡು ದಿನದ ನಂತರ ಅಂಕಿ ತಪ್ಪಿತು. ಮುಖ್ಯಸ್ಥರು ವಿದ್ಯಾರ್ಥಿಗಳ ಮುಂದೆಯೇ ಅವರನ್ನು ಕರೆಸಿ ಗೋಡೆ ತೋರಿಸಿದರು.

“ನೀವು ಒಳಗ ಏನಾರ ಮುಟ್ಟಿದ್ರೇನ್ರಿ?”

ಈಗ ಕೈ ನಿಂತಿತು. “ಅದನ್ನ ಯಾರ ಮುಂದೂ ಹೇಳಿಲ್ಲ. ಎಡಗೈ ಕಡಿ ಒಂದು ಸಣ್ಣ ಗುಂಡಿ ಇತ್ತು. ಹರೇದ ವಯಸ್ಸು, ಏನಾಕ್ಕೈತಿ ನೋಡೂಣು ಅಂತ ತಿರುವಿದೆ. ಚಿತ್ರ ಮ್ಯಾಲ ಕೆಳಗ ಆತು. ಹೆದರಿ ತಿರುಗಿ ತಂದೆ. ಅದ ಜಾಗಾಕ್ಕ ತಂದ್ನೋ ಇಲ್ಲೋ, ಇವತ್ತಿಗೂ ಗೊತ್ತಿಲ್ಲ.” ಲೆವೆಲ್ಲನ್ನು ಪಕ್ಕಕ್ಕಿಟ್ಟು ಹೇಳಿದರು: “ನೀ ಆ ತಿರುಪು ತಿರುವಿ ಸರಿ ಮಾಡಿಬಿಡು. ನನ್ನ ಕೈಲೆ ಕೆಟ್ಟಿದ್ದು ನಿನ್ನ ಕೈಲೆ ಛಲೋ ಆಗ್ಲಿ. ಮುಗೀತು.”

ಎಡಗಡೆಯ ಗುಂಡಿ ಯಾವುದೆಂದು ನನಗೆ ಗೊತ್ತಿತ್ತು. ಅದು ಎರಡು ಅರ್ಧಚಿತ್ರಗಳನ್ನು ಮೇಲೆ ಕೆಳಗೆ ಹೊಂದಿಸುವ ಗುಂಡಿ. ದೂರಕ್ಕೂ ಅದಕ್ಕೂ ಸಂಬಂಧ ಇರಬಾರದು. ಆದರೆ ‘ಇರಬಾರದು’ ಎಂಬುದು ಪುಸ್ತಕದ ಮಾತು. ಅವರು ಗಾಜು ಒತ್ತಿ ಒರೆಸಿದಾಗ ಒಳಗಿನ ಪಟ್ಟಕವೇ ಅಲುಗಿದ್ದರೆ? ಪರೀಕ್ಷಿಸದೆ ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ನೋಟ್‌ಬುಕ್ ಎತ್ತಿಕೊಂಡು ಮನೆಗೆ ಹೋದೆ.

ಬುಧವಾರ ಯಂತ್ರದ ಮರದ ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡಿದೆ. ಮುಚ್ಚಳದ ಒಳಗೆ ತಗಡಿನ ಚೌಕಟ್ಟಿನಲ್ಲಿ ದಪ್ಪ ಕಾಗದದ ಒಂದು ಕಾರ್ಡು ಇತ್ತು. ಎರಡೂ ಬದಿ ತುಂಬ ಸಣ್ಣ ಇಂಗ್ಲಿಷ್ ಕೈಬರಹ: ದಿನ, ಕಾರಣ, ಯಾವುದನ್ನು ನೋಡಿ ಪರೀಕ್ಷಿಸಿದ್ದು, ಬಿಲ್ಲೆಯ ಅಂಕಿ, ಓದಿದವರು.

ಆ ನೌಕೆಯ ಸೇವೆಯ ಚರಿತ್ರೆಯನ್ನು ನಾನು ಓದಿದ್ದು ಈ ತಿದ್ದುಪಡಿಗಳ ಪಟ್ಟಿಯಲ್ಲಿ. ಅದು ಡ್ರೆಡ್‌ನಾಟ್ ಎಂಬ ಹೊಸ ಬಗೆಯ ಯುದ್ಧನೌಕೆಗಳ ಮೊದಲ ತಲೆಮಾರಿನದು. ಅದಕ್ಕೂ ಮುಂಚಿನ ಯುದ್ಧನೌಕೆಗಳಲ್ಲಿ ನಾಲ್ಕೇ ದೊಡ್ಡ ಫಿರಂಗಿಗಳು, ಉಳಿದವು ನಾನಾ ಅಳತೆಯವು. ಇದರಲ್ಲಿ ಹನ್ನೆರಡು ಇಂಚಿನ ಬಾಯಿಯ ಹತ್ತು ಫಿರಂಗಿಗಳು, ಎರಡೆರಡರಂತೆ ಐದು ತಿರುಗುಗೋಪುರಗಳಲ್ಲಿ. ಎಲ್ಲ ಒಂದೇ ಅಳತೆಯಾದ್ದರಿಂದ ಗುಂಡು ಬಿದ್ದಲ್ಲಿ ಏಳುವ ನೀರಿನ ಕಂಬ ನೋಡಿ ಎಲ್ಲವನ್ನೂ ಒಟ್ಟಿಗೆ ತಿದ್ದಬಹುದಿತ್ತು. ಆದರೆ ಮೊದಲ ಗುಂಡು ಎಲ್ಲಿಗೆ ಎಂಬುದನ್ನು ಹೇಳಬೇಕಾದದ್ದು ದೂರಮಾಪಕವೇ. ಮೊದಲ ನಮೂದಿನಲ್ಲಿ ಬಿಲ್ಲೆ ಹನ್ನೊಂದರಲ್ಲಿತ್ತು. ಯಂತ್ರ ಆಗ ನೌಕೆಯ ಮುಂಭಾಗದ ಎತ್ತರದ ಕಂಬದ ಮೇಲಿನ ಕಟ್ಟೆಯಲ್ಲಿತ್ತು. ಪೂರ್ಣ ಮದ್ದು ತುಂಬಿ ಗುಂಡು ಹಾರಿಸುವ ಅಭ್ಯಾಸ ಆದಾಗಲೆಲ್ಲ ನಡುಕಕ್ಕೆ ಕಾಲು, ಅರ್ಧ ಗೆರೆ ಸರಿದಿದೆ. ನಂತರ ಅದನ್ನು ಒಂದು ತಿರುಗುಗೋಪುರದ ತಲೆಯ ಮೇಲಕ್ಕೆ ವರ್ಗಾಯಿಸಿದರು. ಯುದ್ಧದ ಮಧ್ಯೆ ಒಂದೇ ವಾರದಲ್ಲಿ ನಾಲ್ಕು ನಮೂದುಗಳಿವೆ. ಅವುಗಳಲ್ಲಿ ಕೊನೆಯ ಎರಡನ್ನು ಓದಿದವರ ಕೈ ಬೇರೆ. ಮೊದಲು ಓದುತ್ತಿದ್ದವರ ಅಕ್ಷರ ಮತ್ತೆ ಎಲ್ಲೂ ಕಾಣುವುದಿಲ್ಲ. ಕಾರಣದ ಅಂಕಣದಲ್ಲಿ ‘ಗುಂಡು ಹಾರಿಸಿದ ನಂತರ’ ಎಂದಷ್ಟೇ ಇದೆ. ಆಮೇಲೆ ದುರಸ್ತಿ, ಬಂದರು, ತರಬೇತಿ. ಕೊನೆಯ ನಮೂದು ಯಂತ್ರವನ್ನು ನೌಕೆಯಿಂದ ಇಳಿಸಿದ ದಿನದ್ದು.

ಬಿಲ್ಲೆ: ಹದಿನಾಲ್ಕೂವರೆ.

ನಾನು ಮೊದಲು ಪೆನ್ಸಿಲಿನಲ್ಲಿ ಬರೆದುಕೊಂಡದ್ದೂ ಅದೇ. ಅಂದರೆ ಅದನ್ನು ಚಾಚಾ ಮುಟ್ಟಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ಪಟ್ಟಕ ಅಲುಗಿರುವ ಸಾಧ್ಯತೆ ಮಾತ್ರ ಉಳಿಯಿತು. ಕಾರ್ಡಿನಲ್ಲಿ ಇನ್ನೊಂದು ವಿಷಯ ಕಂಡಿತು. ಎಲ್ಲ ನಮೂದಿನಲ್ಲೂ ಪರೀಕ್ಷೆ ಎರಡು: ಒಂಬತ್ತು ಅಡಿ ಅಂತರಕ್ಕೆ ಗುರುತು ಹಾಕಿದ ಮರದ ಪಟ್ಟಿ ಒಂದು, ಚಂದ್ರ ಅಥವಾ ನಕ್ಷತ್ರ ಇನ್ನೊಂದು. ಒಂದೇ ಗುರಿಯನ್ನು ನಂಬಿ ಬಿಲ್ಲೆ ತಿರುಗಿಸಿದ ನಮೂದು ಒಂದೂ ಇರಲಿಲ್ಲ.

ಪ್ರಾಚಾರ್ಯರ ಕೋಣೆಗೆ ಹೋಗಿ ಹೇಳಿದೆ: “ಸರ್, ನಾ ಬಿಲ್ಲೆ ತಿರುಗಿಸೂದಿಲ್ಲ. ತಿರುಗಿಸಿದ್ರ ಇದು ಕೆಟ್ಟಿತ್ತೋ ಇಲ್ಲೋ ಅನ್ನೂದು ಎಂದೂ ಗೊತ್ತಾಗೂದಿಲ್ಲ. ಶುಕ್ರವಾರ ಸಂಜಿತನಕ ಟೈಮ್ ಕೊಡ್ರಿ.”

“ಆಗದಿದ್ರ?”

“ಕೆಟ್ಟದ ಅಂತ ನಾನ ಬರದು ಕೊಡತೇನಿ. ಅತಿಥಿಗಳಿಗೂ ನಾನ ಹೇಳತೇನಿ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀವು ಭಾಳ ಹಟಮಾರಿ ಇದ್ದೀರಿ. ನೋಡಿದ್ರ ಹಂಗ ಅನಸೂದಿಲ್ಲ.” ಸಿಟ್ಟಿನಲ್ಲಿ ಹೇಳಲಿಲ್ಲ. ಆದರೆ ಚಹಾ ಕೂಡ ತರಿಸಲಿಲ್ಲ.

ಮರದ ಪಟ್ಟಿ ಎಂದೋ ಕಳೆದುಹೋಗಿತ್ತು. ಚಂದ್ರ ಇತ್ತು. ಹುಣ್ಣಿಮೆ ಕಳೆದು ನಾಲ್ಕು ದಿನ. ಬೆಳಗಿನ ಏಳೂವರೆಗೆ ಪಶ್ಚಿಮದಲ್ಲಿ ಗುಡ್ಡದ ಮೇಲೆ ಮಾಸಿದ ಬಿಳುಪಿನಲ್ಲಿ ನಿಂತಿರುತ್ತದೆ. ಅಷ್ಟು ದೂರದ ವಸ್ತುವಿಗೆ ಎರಡೂ ಕಿಟಕಿಗಳ ದೃಷ್ಟಿ ಸಮಾನಾಂತರ. ಯಂತ್ರ ಸರಿ ಇದ್ದರೆ, ಪಟ್ಟಿಯ ಕೊನೆಯ ‘ಅನಂತ’ದ ಗುರುತಿಗೆ ಇಟ್ಟಾಗ ಚಂದ್ರನ ಅಂಚು ಮುರಿಯದೆ ಒಂದಾಗಿ ಕಾಣಬೇಕು.

ಗುರುವಾರ ಬೆಳಿಗ್ಗೆ ಮೋಡ ಇತ್ತು. ಕಾಕಾ ಮತ್ತು ನಾನು ಒಂಬತ್ತರವರೆಗೆ ಕಾದೆವು. ಮೋಡ ಸರಿಯುವಷ್ಟರಲ್ಲಿ ಚಂದ್ರ ಗುಡ್ಡದ ಹಿಂದೆ ಇಳಿದಿತ್ತು.

“ಚಂದ್ರಾಮಗೂ ರಜಾ ಇರ್ತೈತ್ರಿ,” ಎಂದರು ಕಾಕಾ.

ಶುಕ್ರವಾರ ಆಕಾಶ ತೊಳೆದ ಹಾಗಿತ್ತು. ಪಟ್ಟಿಯನ್ನು ಅನಂತಕ್ಕೆ ಇಟ್ಟು ಕಣ್ಣಿಟ್ಟೆ. ಚಂದ್ರನ ಅಂಚು ಗೆರೆಯ ಮೇಲೂ ಕೆಳಗೂ ಒಂದೇ ಬಾಗಿನಲ್ಲಿ ಹರಿದಿತ್ತು. ಎಡಗಡೆಯ ಸಣ್ಣ ಗುಂಡಿಯನ್ನು, ಚಾಚಾ ಮುಟ್ಟಿದ್ದನ್ನು, ಬೇಕೆಂದೇ ಪೂರ್ತಿ ಒಂದು ಸುತ್ತು ತಿರುಗಿಸಿದೆ. ಚಿತ್ರ ಮೇಲೆ ಕೆಳಗೆ ಆಯಿತು. ಅಂಚು ಪಕ್ಕಕ್ಕೆ ಒಂದು ಕೂದಲಷ್ಟೂ ಸರಿಯಲಿಲ್ಲ. ಚಕ್ರವನ್ನು ದೂರ ತಿರುಗಿಸಿ ತಿರುಗಿಸಿ ಹತ್ತು ಸಲ ಮತ್ತೆ ಹೊಂದಿಸಿದೆ. ಹತ್ತೂ ಸಲ ಗುರುತಿನ ಮೇಲೇ ಬಂತು.

ಯಂತ್ರ ಸರಿ ಇತ್ತು. ನಲವತ್ತನಾಲ್ಕು ವರ್ಷವೂ ಸರಿ ಇತ್ತು. ಹಾಗಾದರೆ ನಲವತ್ತೈದು ಗಜ ಎಲ್ಲಿ ಹೋಯಿತು? ಅದನ್ನು ಹೇಳಲಾಗದಿದ್ದರೆ ನನ್ನ ಚಂದ್ರನನ್ನು ಯಾರೂ ನಂಬುವುದಿಲ್ಲ. ಗೋಡೆ ಎಲ್ಲರಿಗೂ ಕಾಣುತ್ತದೆ.

ಉಳಿದದ್ದು ಕಳಸ ಒಂದೇ. ವರ್ಕ್‌ಶಾಪಿನಿಂದ ಟೋಟಲ್ ಸ್ಟೇಷನ್ ತಂದು ದೂರಮಾಪಕದ ಪಕ್ಕದಲ್ಲೇ ನಿಲ್ಲಿಸಿದೆ. ಅದು ಬೆಳಕಿನ ಕಿರಣ ಕಳಿಸಿ, ಎದುರಿನ ಪ್ರಿಸಂನಿಂದ ಹಿಂತಿರುಗಿ ಬಂದದ್ದನ್ನು ಅಳೆಯುತ್ತದೆ. ಪ್ರಿಸಂ ಕಂಬವನ್ನು ಕಾಕಾ ಸ್ಕೂಟರಿನ ಮೇಲೆ ಅಡ್ಡ ಇಟ್ಟುಕೊಂಡು ಗುಡ್ಡಕ್ಕೆ ಹೋದರು. ಮುಕ್ಕಾಲು ಗಂಟೆಯ ನಂತರ ಫೋನ್ ಬಂತು.

“ಶಿಖರದ ಬುಡಕ್ಕ ನಿಂತೇನ್ರಿ. ಪೂಜಾರಪ್ಪಾರು ಮಾಳಗಿ ಮ್ಯಾಲ ಹತ್ತಿಸ್ಯಾರ.”

“ಕಂಬ ನೆಟ್ಟಗ ಹಿಡೀರಿ ಕಾಕಾ. ಅಲುಗಾಡಬ್ಯಾಡ್ರಿ.”

“ನಾ ಅಲುಗಾಡಾಕತ್ತಿಲ್ರಿ, ಮಂಗ್ಯಾ ಬಂದು ಗಾಜು ನೋಡಾಕತ್ತೈತಿ. ಏ ಹೋಗ್! ಹಾಂ, ಈಗ ನೋಡ್ರಿ.”

1997.4 ಮೀಟರ್. ಗಜಕ್ಕೆ ತಂದರೆ ಎರಡು ಸಾವಿರದ ನೂರ ಎಂಬತ್ತನಾಲ್ಕು ಚಿಲ್ಲರೆ. ನೂರು ವರ್ಷದ ಯಂತ್ರ ಒಂದು ಗಜದ ಒಳಗೆ ಸರಿಯಾಗಿ ಹೇಳಿತ್ತು.

“ಕಾಕಾ, ಪೂಜಾರರಿಗೆ ಒಂದು ಮಾತು ಕೇಳ್ರಿ. ಕಳಸ ಮೊದಲಿಂದ ಅಲ್ಲೇ ಐತೇನು?”

ಆ ಕಡೆ ಇಬ್ಬರ ಮಾತು, ಗಾಳಿ. ಆಮೇಲೆ ಪೂಜಾರರೇ ಫೋನ್ ತೆಗೆದುಕೊಂಡರು. ವಯಸ್ಸಾದ ದನಿ.

“ಕಳಸ ಅದs ನೋಡವಾ, ನಮ್ಮ ಅಜ್ಜಾರ ಕಾಲದ್ದು. ಗುಡಿ ಬ್ಯಾರೆ. ಹಳೇ ಗುಡಿ ಮುಂದ ಕಲ್ಲಬಂಡಿ ಅಂಚಿನ್ಯಾಗಿತ್ತು, ಗ್ವಾಡಿ ಸೀಳತು. ನಮ್ಮಪ್ಪ ಇದ್ದಾಗ ಜೀರ್ಣೋದ್ಧಾರ ಆತು, ಹಿಂದಕ ಹೊಸಾದ್ದು ಕಟ್ಟಿ ದೇವರನ್ನ ತಂದ್ರು, ಕಳಸಾನೂ ತಂದು ಇಟ್ರು. ಹಳೇ ಖೋಲ್ಯಾಗ ಈಗ ಎಣ್ಣಿ ಡಬ್ಬಿ ಇಡತೇವಿ.”

“ಯಾವಾಗ ಆತ್ರಿ ಅಜ್ಜಾರ?”

ಅವರು ಹೇಳಿದ ಬೇಸಿಗೆ ಗೋಡೆಯ ಕೊನೆಯ ಸಾಲಿನ ವರ್ಷದ್ದೇ ಆಗಿತ್ತು.

“ಕಾಕಾ, ಆ ಎಣ್ಣಿ ಖೋಲಿ ಮ್ಯಾಲ ಹತ್ತಾಕ ಬರ್ತೈತೇನ್ರಿ?”

“ನನ್ನ ಇವತ್ತ ಮಂಗ್ಯಾನ ಮಾಡಿಬಿಟ್ರಿ ಮೇಡಂ,” ಎಂದರು. ಆದರೂ ಹತ್ತಿದರು. 1957.6 ಮೀಟರ್. ಎರಡು ಸಾವಿರದ ನೂರ ನಲವತ್ತೊಂದು ಗಜಕ್ಕೆ ಸ್ವಲ್ಪ ಕಡಿಮೆ.

ಜೀರ್ಣೋದ್ಧಾರ ಆದದ್ದು ಆಗ ಊರಿಗೆಲ್ಲ ಗೊತ್ತಿತ್ತು. ಆದರೆ ಕೊಳವೆಯಲ್ಲಿ ಕಾಣುವುದು ಅದೇ ಕಳಸ, ಅದೇ ಬಾಗಿದ ತುದಿ. ದೇವರ ಗುಡಿ ಜಾಗ ಬಿಟ್ಟು ಕದಲಿರಬಹುದು ಎಂದು ಯಾರಿಗೂ ತೋಚಲಿಲ್ಲ. ರಿಪೇರಿಯ ಹುಡುಗ ತಪ್ಪಿರಬಹುದು ಎಂಬುದು ಎಲ್ಲರಿಗೂ ತೋಚಿತು.

ಪ್ರಾಚಾರ್ಯರಿಗೆ ಎರಡು ಅಂಕಿಗಳನ್ನೂ ಕಾರ್ಡನ್ನೂ ತೋರಿಸಿದೆ. ಅವರು ತುಂಬ ಹೊತ್ತು ಕಾರ್ಡು ನೋಡಿದರು. ಆಮೇಲೆ ಗೋಪುರಕ್ಕೆ ಹತ್ತಿ ಗೋಡೆಯ ಮುಂದೆ ನಿಂತರು.

“ಇದನ್ನ ಬರಸಿದವರು ನನ್ನ ಗುರುಗಳು. ನಾನೂ ಆವತ್ತ ಇಲ್ಲೇ ನಿಂತಿದ್ದೆ, ಬಿ.ಎಸ್ಸಿ. ಎರಡನೇ ವರ್ಷ. ಆ ಹುಡುಗ ಏನೂ ಮಾತಾಡಲಿಲ್ಲ.” ಕಾಕಾ ಅವರ ಕಡೆ ತಿರುಗಿದರು. “ಸುಣ್ಣ ತರಿಸ್ರಿ. ಅಂಕಿ ಇರಲಿ. ಕೆಂಪು ಗೆರಿ, ಅದರ ಕೆಳಗಿನ ಸಾಲು, ಎರಡೂ ಇವತ್ತ ಹೋಗಬೇಕು.” ನನಗೆ ಚಹಾ ಬಂತು, ಜೊತೆಗೆ ಎರಡು ಬಿಸ್ಕತ್ತು.

ಫೋನಿನಲ್ಲಿ ಹೇಳುವ ವಿಷಯ ಅಲ್ಲ ಎಂದು ನೇರ ಗಬ್ಬೂರಿಗೆ ಬಂದೆ. ಚಾಚಾ ಅಂಗಡಿಯ ಶಟರ್ ಅರ್ಧ ಎಳೆದಿದ್ದರು. ನಾನು ಕಾರ್ಡಿನಿಂದ ಶುರು ಮಾಡಿದೆ, ಆಮೇಲೆ ಚಂದ್ರ, ಆಮೇಲೆ ಪ್ರಿಸಂ. ಕ್ರಮವಾಗಿ ಹೇಳದಿದ್ದರೆ ಅವರು ನಂಬುವುದಿಲ್ಲ ಎಂದು ಗೊತ್ತಿತ್ತು. ನಡುವೆ ಒಂದು ಸಲ ಮಾತ್ರ ಕೇಳಿದರು.

“ಆ ಸಣ್ಣ ಗುಂಡಿ?”

“ಪೂರಾ ಒಂದು ಸುತ್ತು ತಿರುವಿದೆರಿ ಚಾಚಾ. ದೂರಕ್ಕ ಏನೂ ಆಗಲಿಲ್ಲ.”

ಅವರು ಸ್ಟೂಲಿನ ಮೇಲೆ ಕುಳಿತರು. “ಗುಡೀನ ಸರದಿತ್ತಾ?” ಎಂದರು. ಭುಜ ಅಲುಗಿತು. ಮೊದಲು ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು. ಎರಡೂ ಇತ್ತೇನೋ. “ಯಾ ಅಲ್ಲಾ. ಗುಡಿ ಸರದಿತ್ತು, ನನ್ನ ನಿದ್ದಿ ಹೋಗಿತ್ತು. ನನ್ನ ಹೆಂಡ್ತಿಗಿ ಏನಂತ ಹೇಳ್ಲಿ ಬೇಟಾ? ಲಗ್ನ ಆದಾಗಿಂದ ಕೇಳ್ಯಾಳ, ಧಾರವಾಡಕ್ಕ ಹ್ವಾದ್ರ ಆ ರಸ್ತೆ ಯಾಕ ಹಿಡಿಯಾಂಗಿಲ್ಲ ಅಂತ.”

ನಾಳೆ ಬರುತ್ತೀರಾ ಎಂದು ಕೇಳಿದೆ. ಮಂಡಿ ನೋವು ಎಂದರು. ನಾನು ಒತ್ತಾಯಿಸಲಿಲ್ಲ.

ಶನಿವಾರ ಬೆಳಿಗ್ಗೆ ಏಳೂವರೆಗೆ, ಅತಿಥಿಗಳು ಬರುವುದಕ್ಕೆ ಇನ್ನೂ ಮೂರು ಗಂಟೆ ಇರುವಾಗ, ನಾನು ಕಾಲೇಜಿಗೆ ಹೋದೆ. ಗೋಪುರದ ಕೆಳಗಿನ ಮೊದಲ ಮೆಟ್ಟಿಲ ಮೇಲೆ ಚಾಚಾ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು ಕುಳಿತಿದ್ದರು. ಒಬ್ಬರೇ ಮೇಲೆ ಹೋಗಿರಲಿಲ್ಲ. ನಾವು ನಿಧಾನವಾಗಿ, ತಿರುವು ತಿರುವಿಗೆ ನಿಂತು ಹತ್ತಿದೆವು. ಅವರ ಮಂಡಿ ನಿಜವಾಗಿಯೂ ನೋಯುತ್ತಿತ್ತು. ಸ್ಟೂಲ್ ಎಳೆದು ಕೊಟ್ಟೆ.

“ಮೊದಲ ನೀ ಓದು.”

“ಇಲ್ಲ ಚಾಚಾ, ನೀವ ಓದ್ರಿ.”

ಕಣ್ಣಿಟ್ಟರು. ಚಕ್ರವನ್ನು ಆಚೆ ಈಚೆ ತಿರುಗಿಸಿದರು, ಬಹಳ ಹೊತ್ತು. ಆಮೇಲೆ ಪಟ್ಟಿಗೆ ಬಗ್ಗಿ, ಬೆರಳಿಟ್ಟು, ಒಂದೊಂದೇ ಅಂಕಿ ಹೇಳಿದರು: ಎರಡು, ಒಂದು, ಒಂಬತ್ತು, ಎರಡು. ಏಳೆಂಟು ಗಜ ಹೆಚ್ಚು. ಮೊದಲ ಸಲ ಓದುವವರ ಕಣ್ಣಿಗೆ ಅಷ್ಟು ವ್ಯತ್ಯಾಸ ಬರುವುದುಂಟು. ನಾನು ನೋಟ್‌ಬುಕ್ಕಿನಲ್ಲಿ 2192 ಎಂದೇ ಬರೆದೆ, ಓದಿದವರು ಎಂಬಲ್ಲಿ ಅವರ ಹೆಸರು ಹಾಕಿದೆ, ಮುಂದಿನ ಓದಿಗೆ ಚಕ್ರವನ್ನು ಮತ್ತೆ ದೂರ ತಿರುಗಿಸಲು ಹೇಳಿದೆ.